ಎಡಗೈ ಕಲಿಯುತ್ತಿದೆ: ಜಾಝ್ ಪಿಯಾನೊ, ಏಳನೇ ತಿಂಗಳು

ನಿನ್ನೆ ರಾತ್ರಿ, 'ಫ್ರೆಡ್ಡಿ ಫ್ರೀಲೋಡರ್' ಎಂಬ ಜಾಝ್ ಹಾಡಿನಲ್ಲಿ ಪಿಯಾನೊ ವಾದಕ ವಿಂಟನ್ ಕೆಲ್ಲಿ ನುಡಿಸಿದ ಸೋಲೊದ (ಒಬ್ಬನೇ ಮುಂದಾಗಿ ನುಡಿಸುವ ಭಾಗ) ಮೂರನೇ ಸುತ್ತು ಕೈಗೆ ಕೂತಿತು. 12 ಬಾರ್ (ಒಂದು ಬಾರ್ ಅಂದರೆ ನಾಲ್ಕು ಮಾತ್ರೆ), ಎರಡೂ ಕೈ, ಎಲ್ಲೂ ನಿಲ್ಲದೆ. ಹೊರಗೆ ಬೆಳಗಾವಿಯ ಜುಲೈ ಮಳೆ ಒಂದೇ ಸಮನೆ ಸುರಿಯುತ್ತಿತ್ತು. ವೇಗ ಇನ್ನೂ ಮೂಲದ ಮುಕ್ಕಾಲು ಮಾತ್ರ. ಆದರೂ ಮುಗಿಸಿದ ಮೇಲೆ ಸ್ವಲ್ಪ ಹೊತ್ತು ಸುಮ್ನೆ ಕೂತುಬಿಟ್ಟೆ.

ನಾನು ಪೇಟಿ (ಹಾರ್ಮೋನಿಯಂ) ಕಲಿತವನು. ಇಲ್ಲೇ ಬೆಳಗಾವಿಯ ಶಹಾಪುರದಲ್ಲಿ ಗುರುಗಳ ಹತ್ತಿರ 9 ವರ್ಷ. ಪೇಟಿಯಲ್ಲಿ ಬಲಗೈ ನುಡಿಸುತ್ತದೆ, ಎಡಗೈ ತಿದಿ ಒತ್ತುತ್ತದೆ. ಅಂದರೆ ಅಷ್ಟು ವರ್ಷ ನನ್ನ ಎಡಗೈ ಒಂದು ಸ್ವರವನ್ನೂ ಮುಟ್ಟಿರಲಿಲ್ಲ. ಜನವರಿಯಲ್ಲಿ ಗೆಳೆಯನ ಕಾರಿನಲ್ಲಿ ಚೋರ್ಲಾ ಘಾಟ್ ಹತ್ತಿ, ಗೋವಾದಿಂದ ಒಂದು ಹಳೆಯ 88 ಕೀಗಳ ಡಿಜಿಟಲ್ ಪಿಯಾನೊ ಮನೆಗೆ ಬಂತು. ಅದರ ಮುಂದೆ ಕೂತ ಮೊದಲ ದಿನವೇ ಈ ಕೊರತೆ ಎದುರಿಗೆ ನಿಂತಿತು.

ಇನ್ನೊಂದು ಕಷ್ಟವೂ ಇತ್ತು. ಪೇಟಿಯಲ್ಲಿ ಬೆರಳು ಎಷ್ಟು ಜೋರಾಗಿ ಒತ್ತಿದರೂ ಸದ್ದು ಅಷ್ಟೇ, ಗಾಳಿ ಹೆಚ್ಚಾದರೆ ಮಾತ್ರ ಸದ್ದು ಹೆಚ್ಚು. ಪಿಯಾನೊದಲ್ಲಿ ಹಾಗಲ್ಲ. ಒಂದೊಂದು ಬೆರಳಿನ ಭಾರವೂ ಕೇಳಿಸುತ್ತದೆ. ಜಾಝ್‌ನ ಸ್ವಿಂಗ್, ಅಂದರೆ ಅದರ ತೂಗುವ ಲಯ, ಅರ್ಧ ಅಲ್ಲೇ ಇದೆ: ಒಂದು ಮಾತ್ರೆಯನ್ನು ಉದ್ದ-ಗಿಡ್ಡ ಎಂದು ಒಡೆಯಬೇಕು, ಆಮೇಲೆ ಆ ಗಿಡ್ಡ ಸ್ವರಕ್ಕೆ ಎಷ್ಟೋ ಸಲ ಒತ್ತು ಕೊಡಬೇಕು.

ಮೊದಲ ಎರಡು ತಿಂಗಳ ಬಗ್ಗೆ ಹೇಳುವಂಥದ್ದು ಜಾಸ್ತಿ ಇಲ್ಲ. ಸಿಕ್ಕ ಸಿಕ್ಕ ಪುಟ್ಟ ತುಣುಕುಗಳನ್ನು ಬಾಯಿಪಾಠ ಮಾಡಿ ಒಂದರ ಹಿಂದೆ ಒಂದು ಜೋಡಿಸುತ್ತಿದ್ದೆ. ಪ್ರತಿ ತುಣುಕೂ ಸರಿಯಾಗಿತ್ತು, ಒಟ್ಟಿನಲ್ಲಿ ಮಾತು ಆಗುತ್ತಿರಲಿಲ್ಲ.

ಮಾರ್ಚ್‌ನಲ್ಲಿ ಅಮೆರಿಕದ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್‌ನ 'ಸೋ ವಾಟ್' ಹಿಡಿದೆ. ಅದರ ಡೋರಿಯನ್ ಸ್ಕೇಲ್ ಅಂದರೆ ನಮ್ಮ ಹಿಂದೂಸ್ತಾನಿಯ ಕಾಫಿ ಥಾಟ್‌ನ (ರಾಗಗಳಿಗೆ ಆಧಾರವಾದ ಒಂದು ಸ್ವರಗುಂಪು) ಸ್ವರಗಳೇ. ಪರಿಚಯದ ಮನೆ ಅಂದುಕೊಂಡು ಒಳಗೆ ಹೋದೆ. ಮೊದಲ 16 ಬಾರ್ ಒಂದೇ ಆಧಾರ ಸ್ವರದ ಮೇಲೆ ನಿಲ್ಲುತ್ತವೆ, ಆಮೇಲೆ 8 ಬಾರ್ ಎಲ್ಲವೂ ಅರ್ಧ ಸ್ವರ ಮೇಲೆ, ಕೊನೆಯ 8 ಮತ್ತೆ ಕೆಳಗೆ. ನನ್ನ ಬೆರಳು ಮಾತ್ರ ತಾನಾಗಿ ಬಾಗೇಶ್ರೀ ರಾಗದ ಕಡೆ ಹೊರಳುತ್ತಿತ್ತು. ಕೇಳಲು ಹಿತವಾಗಿಯೇ ಇತ್ತು. ಆದರೆ ಅದು ಪಿಯಾನೊದ ಮೇಲೆ ನುಡಿಸಿದ ಬಾಗೇಶ್ರೀ. ಸ್ವರಗಳು ಒಂದೇ ಆದ ಮಾತ್ರಕ್ಕೆ ನಡೆ ಒಂದೇ ಆಗುವುದಿಲ್ಲ ಅಲ್ವಾ? ನಮ್ಮಲ್ಲೇ ಭೂಪ್ ಮತ್ತು ದೇಶಕಾರ್ ರಾಗಗಳು ಹಾಗಿವೆ. ಆ ಹಾಡನ್ನು ಸದ್ಯಕ್ಕೆ ಬದಿಗಿಟ್ಟಿದ್ದೇನೆ.

ಏಪ್ರಿಲ್‌ನಲ್ಲಿ ಗುರುಗಳಿಗೆ ಕೆಲ್ಲಿಯ ಸೋಲೊ ಕೇಳಿಸಿದೆ, ನಂತರ ನಾನು ನುಡಿಸಿದ್ದನ್ನು. ಅವರು ಕಣ್ಣು ಮುಚ್ಚಿ ಎರಡನ್ನೂ ಕೇಳಿದರು. "ಇದನ್ನ ಹಾಡಿ ತೋರ್ಸು ಮೊದ್ಲ," ಅಂದರು. ನನಗೆ ಬರಲಿಲ್ಲ. "ಬಾಯಾಗ ಬರ್ಲಾರದ್ದು ಬೆರಳಾಗ ಹೆಂಗ ಬರತೈತಪ್ಪಾ?"

ಈ ಊರಿನಲ್ಲಿ ಆ ಮಾತಿಗೆ ಭಾರ ಇದೆ. ಪಂಡಿತ್ ರಾಮಭಾವು ವಿಜಾಪುರೆ (1917–2010) ಅವರು ಪೇಟಿ ಕಲಿಸಿದ ಊರು ಇದು. ಹಾಡುವವರ ಹಿಂದೆ ಅವರ ಪೇಟಿ ಕೇಳಿದರೆ ಕೈ ಹಾಡುತ್ತಿದೆ ಅನ್ನಿಸುತ್ತದೆ. ಆಮೇಲೆ ತಿಳಿಯಿತು, ಅಮೆರಿಕದ ಪಿಯಾನೊ ವಾದಕ ಲೆನ್ನಿ ಟ್ರಿಸ್ಟಾನೊ ಕೂಡ ಶಿಷ್ಯರಿಗೆ ಹೀಗೇ ಕಲಿಸುತ್ತಿದ್ದರಂತೆ. ಸ್ಯಾಕ್ಸೊಫೋನ್ ವಾದಕರಾದ ಲೆಸ್ಟರ್ ಯಂಗ್, ಚಾರ್ಲಿ ಪಾರ್ಕರ್ ಅವರ ಸೋಲೊಗಳನ್ನು ಮೊದಲು ಹಾಡಿ ಒಪ್ಪಿಸಬೇಕು, ವಾದ್ಯ ಆಮೇಲೆ. ನ್ಯೂಯಾರ್ಕ್‌ನಲ್ಲೂ ಶಹಾಪುರದಲ್ಲೂ ಅದೇ ಪಾಠ.

ಹಾಗಾಗಿ ಮೇ ಪೂರ್ತಿ ಪಿಯಾನೊ ಮುಟ್ಟಿದ್ದು ಕಡಿಮೆ. ಹಿಡಿದದ್ದು ಅದೇ 'ಫ್ರೆಡ್ಡಿ ಫ್ರೀಲೋಡರ್', 1959ರ ಮಾರ್ಚ್ 2ರಂದು ಧ್ವನಿಮುದ್ರಣವಾದದ್ದು. ಮೈಲ್ಸ್ ಡೇವಿಸ್‌ನ 'ಕೈಂಡ್ ಆಫ್ ಬ್ಲೂ' ಆಲ್ಬಮ್‌ನ ಐದು ಹಾಡುಗಳಲ್ಲಿ ಪಿಯಾನೊದಲ್ಲಿ ಬಿಲ್ ಇವಾನ್ಸ್ ಬದಲು ವಿಂಟನ್ ಕೆಲ್ಲಿ ನುಡಿಸಿದ್ದು ಇದೊಂದರಲ್ಲೇ. ಮೊದಲ ಸೋಲೊ ಅವನದು, ನಾಲ್ಕು ಸುತ್ತು, 48 ಬಾರ್. ಫೋನಿನಲ್ಲಿ ಅರ್ಧ ವೇಗಕ್ಕೆ ಇಳಿಸಿ ದಿನಕ್ಕೆ ಎರಡು ಬಾರ್ ಹಾಡಿಕೊಂಡೆ. ಅಡುಗೆಮನೆಯಲ್ಲಿ, ಸ್ನಾನಕ್ಕೆ ಹೋಗುವಾಗ, ಗೋಗಟೆ ಸರ್ಕಲ್ ಸಿಗ್ನಲ್‌ನಲ್ಲಿ ಗಾಡಿ ನಿಲ್ಲಿಸಿದಾಗ. ಹಾಡಿದ ಮೇಲೇ ಕಿವಿಗೆ ಬಿದ್ದದ್ದು: ಅವನು ಕೋಮಲ ಗಾಂಧಾರವನ್ನು ಒಂದು ಚಣ ಮುಟ್ಟಿ ಶುದ್ಧ ಗಾಂಧಾರಕ್ಕೆ ಜಾರುತ್ತಾನೆ. ನಮ್ಮ ಕಣ್ ಸ್ವರದ ಹಾಗೆಯೇ. ಪಿಯಾನೊದಲ್ಲಿ ಮೀಂಡ್ (ಸ್ವರದಿಂದ ಸ್ವರಕ್ಕೆ ಎಳೆಯುವ ಜಾರು) ಇಲ್ಲ ಎಂಬ ಕೊರಗು ನನಗೆ ಅಲ್ಲಿ ಕಡಿಮೆಯಾಯಿತು.

ಜೂನ್ ತಿಂಗಳು ಎಡಗೈಗೆ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ನನಗೆ ಸಿಕ್ಕ ದೊಡ್ಡ ಸಂತೋಷ ಇದೇ.

ಹಾಡು ಬಿ ಫ್ಲಾಟ್‌ನ ಬ್ಲೂಸ್, ಅಂದರೆ 12 ಬಾರ್‌ಗಳ ಒಂದು ಸುತ್ತು ಮತ್ತೆ ಮತ್ತೆ ಬರುವಂಥದ್ದು. ನನ್ನ ಲೆಕ್ಕದಲ್ಲಿ ಪೇಟಿಯ ಐದನೇ ಕಪ್ಪು ಕೀ ಸಾ. ಬಾಸ್ ನುಡಿಸುವವನು ಸಾ ನೋಡಿಕೊಳ್ಳುತ್ತಾನೆ, ಹಾಗಾಗಿ ಎಡಗೈ ಅದನ್ನು ಬಿಟ್ಟು ಕಾರ್ಡ್‌ನ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಮೂರನೇ ಮತ್ತು ಏಳನೇ ಸ್ವರ ಹಿಡಿದರೆ ಸಾಕು. ಸಾ ಮೇಲಿನ ಕಾರ್ಡ್‌ಗೆ ಶುದ್ಧ ಗ, ಕೋಮಲ ನಿ. ಐದನೇ ಬಾರ್‌ನಲ್ಲಿ ಕಾರ್ಡ್ ಮಧ್ಯಮಕ್ಕೆ ಹೋಗುತ್ತದೆ. ಕೈ ಎಷ್ಟು ದೂರ ಹಾರಬೇಕೋ ಅಂತ ಹೆದರಿದ್ದೆ. ಎರಡೂ ಬೆರಳು ಅರ್ಧ ಸ್ವರ ಕೆಳಗೆ ಸರಿದರೆ ಮುಗಿಯಿತು: ಕೋಮಲ ಗ, ಶುದ್ಧ ಧ. ಏಳನೇ ಬಾರ್‌ಗೆ ವಾಪಸ್. ಒಂಬತ್ತರಲ್ಲಿ ಪಂಚಮದ ಕಾರ್ಡ್, ಶುದ್ಧ ಮ ಮತ್ತು ಶುದ್ಧ ನಿ. ಹತ್ತರಲ್ಲಿ ಮತ್ತೆ ಮಧ್ಯಮದ್ದು. 11ನೇ ಬಾರ್‌ನಲ್ಲಿ ಮಾಮೂಲಿ ಬ್ಲೂಸ್ ಆಗಿದ್ದರೆ ಸಾಗೆ ಮರಳಬೇಕಿತ್ತು. ಇಲ್ಲಿ ಕಾರ್ಡ್ ಕೋಮಲ ನಿಷಾದದ ಮೇಲೆ ನಿಲ್ಲುತ್ತದೆ. ಬೆರಳು ಇನ್ನೊಂದು ಅರ್ಧ ಸ್ವರ ಕೆಳಗೆ, ಶುದ್ಧ ರಿ, ಕೋಮಲ ಧ. ಮನೆಯ ಬಾಗಿಲಿಗೆ ಬಂದು ಪಕ್ಕದ ಕಟ್ಟೆಯ ಮೇಲೆ ಕೂತ ಹಾಗೆ. ಆ ಎರಡು ಬಾರ್‌ಗಾಗಿಯೇ ಈ ಹಾಡನ್ನು ಮತ್ತೆ ಮತ್ತೆ ಕೇಳಬೇಕು ಅನ್ನಿಸುತ್ತದೆ.

ಇಡೀ ಸುತ್ತು, ಎರಡು ಬೆರಳು, ಅಂಗೈ ಅಗಲದ ಜಾಗ. 9 ವರ್ಷ ತಿದಿ ಒತ್ತಿದ ಕೈಗೆ ಇಷ್ಟು ಸಾಧ್ಯವಾಯಿತು.

ಕಳೆದ ಭಾನುವಾರ ಎಡಗೈಯನ್ನು ಹಾಗೇ ನಡೆಸುತ್ತಾ ಬಲಗೈಗೆ ಕೆಲ್ಲಿಯ ಸ್ವರ ಬಿಟ್ಟು ನನ್ನದೇ 12 ಬಾರ್ ಕೊಟ್ಟೆ. ಮೊದಲು ಹಾಡಿದೆ, ಹಾಡಿದ್ದನ್ನೇ ನುಡಿಸಿದೆ. ರೆಕಾರ್ಡ್ ಮಾಡಿ ಕೇಳಿದಾಗ ಎರಡು ಕಡೆ ನಿಜವಾಗಿ ಮಾತಾಡಿದ ಹಾಗಿತ್ತು. ಎರಡೂ ಕಡೆ ನಾನು ಉಸಿರು ತೆಗೆದುಕೊಳ್ಳಲು ನಿಂತಿದ್ದೆ. ಉಳಿದ ಕಡೆ ಬೆರಳು ಬಾಯಿಗಿಂತ ಮುಂದೆ ಓಡಿದೆ.

ಕೆಲ್ಲಿಯ ನಾಲ್ಕನೇ ಸುತ್ತಿನಲ್ಲಿ 8 ಬಾರ್ ಹಾಡಲು ಬರುತ್ತಿದೆ, 4 ಬಾಕಿ. ಅದು ಮುಗಿದ ಮೇಲೆ ಗುರುಗಳ ಮನೆಗೆ ಹೋಗುತ್ತೇನೆ. ಪಿಯಾನೊ ಒಯ್ಯುವುದಿಲ್ಲ. 48 ಬಾರ್ ಹಾಡಿ ಒಪ್ಪಿಸುತ್ತೇನೆ.