ಧಾರವಾಡದ ‘ರೀ’ ಎಲ್ಲಿ ಹೋಯ್ತು? (ಪ್ರಾಜೆಕ್ಟ್ ಡೈರಿ, ಮೂರನೇ ಕಂತು)

ಹೊಸಬರಿಗೆ ಒಂದೆರಡು ಮಾತು. ಧಾರವಾಡ ಕಡೆಯಿಂದ ಬಂದು ಬೆಂಗಳೂರಲ್ಲಿ ನೆಲೆಸಿದ 9 ಜನರನ್ನು ಮಾತಾಡಿಸಿದ್ದೇನೆ. ಇಲ್ಲಿಗೆ ಬಂದ ಮೇಲೆ ಅವರ ಕನ್ನಡ ಎಲ್ಲಿ ಬದಲಾಯಿತು, ಎಲ್ಲಿ ಹಾಗೇ ಉಳಿಯಿತು ಅನ್ನೋದು ನನ್ನ ಪ್ರಶ್ನೆ. ಸುಮಾರು 7 ಗಂಟೆ ರೆಕಾರ್ಡಿಂಗ್ ಇದೆ. ಒಂದು ಗಂಟೆಯ ಮಾತನ್ನು ಕೇಳಿ ಬರೆದುಕೊಳ್ಳೋಕೆ ಒಂದಿಡೀ ಭಾನುವಾರ ಬೇಕು. ಅದಕ್ಕೇ ಎಐ ಮೊರೆಹೋದೆ.

ಮಾತು ಬೇಗನೆ ಬರಹವಾಯಿತು. ಓದಿ ನೋಡಿದರೆ ಎಲ್ಲರೂ ವಾರ್ತೆ ಓದುವವರ ಹಾಗೆ ಮಾತಾಡಿದ್ದಾರೆ! ‘ಬರಾಕತ್ತಾರ’ ಅಂದದ್ದು ‘ಬರುತ್ತಿದ್ದಾರೆ’ ಆಗಿದೆ. ‘ಬೆಂಗಳೂರಾಗ’ ಹೋಗಿ ‘ಬೆಂಗಳೂರಿನಲ್ಲಿ’ ಬಂದಿದೆ. ‘ರೀ’ ಅಂತೂ ಎಷ್ಟೋ ಕಡೆ ಮಾಯ. ಇಂಥ ಮಾಡೆಲ್‌ಗಳು ತಾವು ಜಾಸ್ತಿ ನೋಡಿದ ಕನ್ನಡದ ಕಡೆಗೇ ವಾಲುತ್ತವೆ, ಕಿವಿಗೆ ಬಿದ್ದದ್ದಕ್ಕೆ ಹತ್ತಿರದ ಗೊತ್ತಿರುವ ಪದ ಹಾಕಿಬಿಡುತ್ತವೆ. ಸಭೆಯ ವರದಿಗಾದರೆ ಇದು ಉಪಕಾರವೇ. ನಾನು ಹುಡುಕುತ್ತಿರುವುದೇ ಆ ‘ಬರಾಕತ್ತಾರ’, ಅದನ್ನೇ ತಿದ್ದಿ ಕೊಟ್ಟರೆ ಏನು ಮಾಡಲಿ? ಈಗ ಆಡಿಯೋ ಹಾಕಿಕೊಂಡು ಸಾಲು ಸಾಲಾಗಿ ಮತ್ತೆ ತಿದ್ದುತ್ತಿದ್ದೇನೆ. ಆದರೂ ಅರ್ಧ ಭಾನುವಾರ ಉಳಿಯುತ್ತಿದೆ.

ಆಮೇಲೆ ಕೋಡಿಂಗ್. ಪ್ರೋಗ್ರಾಂ ಬರೆಯೋದಲ್ಲ, ಮಾತಿನ ತುಂಡುಗಳಿಗೆ ‘ಮನೆಮಾತು’, ‘ಆಫೀಸಲ್ಲಿ ಎಚ್ಚರ’ ಅಂತ ಚೀಟಿ ಅಂಟಿಸೋದು. ಟಾಗೆಟ್ ಅನ್ನೋ ಉಚಿತ ಸಾಫ್ಟ್‌ವೇರ್‌ನಲ್ಲಿ ಎರಡು ಸಂದರ್ಶನಕ್ಕೆ ನಾನೇ ಹಾಕಿದ್ದು 14 ಕೋಡು. ಹೆಸರು, ಊರು ತೆಗೆದು ಅದೇ ಎರಡನ್ನು ಎಐಗೆ ಕೊಟ್ಟೆ. 61 ಬಂತು. ‘ಭಾಷಿಕ ಅಸ್ಮಿತೆ’ ಒಂದು, ‘ಅಸ್ಮಿತೆ ಮತ್ತು ಭಾಷೆ’ ಇನ್ನೊಂದು. ಇಷ್ಟು ಕೋಡು ಹೊತ್ತು ಯಾವ ಎತ್ತು ನಡೆದೀತು?

ದೊಡ್ಡ ಎಡವಟ್ಟು ಕಾಕು, ಅಂದರೆ ದನಿಯಲ್ಲೇ ಅರ್ಥ ತಿರುಗಿಸೋ ಮಾತಿನ ವಿಷಯದಲ್ಲಿ. ‘ನಮ್ದು ಹಳ್ಳಿ ಕನ್ನಡ. ನಿಮ್ಮಂಗ ನಾಜೂಕು ಮಾತು ನಮಗೆಲ್ಲಿ ಬರ್ತೈತೋ ತಮ್ಮಾ’ ಅಂತ ಸಂದರ್ಶನದಲ್ಲಿ ಒಬ್ಬರು ಅಂದಿದ್ದರು. ಎಐ ಅಂಟಿಸಿದ ಚೀಟಿ ‘ಕೀಳರಿಮೆ’. ಆಡಿಯೋ ಕೇಳಿದರೆ ಅವರು ನಗುತ್ತಿದ್ದಾರೆ, ನನ್ನನ್ನೇ ಕಿಚಾಯಿಸುತ್ತಿದ್ದಾರೆ! ಫೋನ್ ಮಾಡಿ ಹೇಳಿದೆ. ‘ನಿನ್ನ ಮಷೀನಿಗೆ ಕಿವಿ ಇಲ್ಲೇನೋ?’ ಅಂದರು. ಇಂಥ ಸಾಮಗ್ರಿಯಿಂದ ಮುಖ್ಯ ವಿಷಯಗಳನ್ನು ಹೆಕ್ಕೋಕೆ ಸಂಶೋಧಕರಾದ ಬ್ರೌನ್ ಮತ್ತು ಕ್ಲಾರ್ಕ್ 2006ರಲ್ಲಿ ಹೇಳಿದ ಆರು ಹಂತಗಳಲ್ಲಿ ಮೊದಲನೆಯದೇ ಸಾಮಗ್ರಿಯನ್ನು ಮತ್ತೆ ಮತ್ತೆ ಓದಿ ಒಳಗಿಳಿಯೋದು. ಅದನ್ನು ಹಾರಿ ನೇರ ಎರಡನೇ ಹಂತಕ್ಕೆ, ಅಂದರೆ ಕೋಡಿಂಗ್‌ಗೆ ಹೋಗಿದ್ದೆ, ತಪ್ಪು ನನ್ನದೇ.

ಒಂದು ಕಡೆ ಮಾತ್ರ ಎಐ ನನಗಿಂತ ಚುರುಕು. ನಾನು ತಿದ್ದಿದ ಬರಹ ಕೊಟ್ಟು, ಮಾತಿನ ಧಾಟಿ ಎಲ್ಲಿ ಬದಲಾಗುತ್ತದೆ ಅಂತ ಕೇಳಿದೆ. ‘ಅವ್ವ ಅಂದ್ಲು’, ‘ಅಣ್ಣ ಅಂದ’ ಅನ್ನೋ ಸಾಲುಗಳನ್ನು ಹೆಕ್ಕಿ ಕೊಟ್ಟಿತು. ಬೆಂಗಳೂರು ಕನ್ನಡದಲ್ಲಿ ಕಥೆ ಹೇಳುತ್ತಿದ್ದವರು ಮನೆಯವರ ಮಾತು ಬಂದ ಕೂಡಲೇ ಊರಿನ ಕನ್ನಡಕ್ಕೆ ಹೊರಳುತ್ತಾರೆ. ನಾಲ್ಕು ಸಲ ಕೇಳಿದ್ದರೂ ನನಗೆ ಹೊಳೆದಿರಲಿಲ್ಲ. ಒಂದೊಂದನ್ನೂ ಆಡಿಯೋದಲ್ಲಿ ಕೇಳಿ ನೋಡಿದೆ. ಎರಡು ಬಿಟ್ಟರೆ ಉಳಿದದ್ದೆಲ್ಲ ಸರಿ.

ಮುಂದಿನ ವಾರ ಹುಬ್ಬಳ್ಳಿಯ ಗೆಳೆಯನೊಬ್ಬ ನನ್ನ ಕೋಡು ನೋಡದೆ ಅದೇ ಎರಡು ಸಂದರ್ಶನಕ್ಕೆ ಚೀಟಿ ಅಂಟಿಸುತ್ತಾನೆ. ಕೂಲಿ: ಗಿರ್ಮಿಟ್ಟು, ಮಿರ್ಚಿ.