ಬೀಗ ಬದಲಿಸಿದೆ, ಬೇಲಿಯ ಕಳ್ಳಗಂಡಿ ಹಾಗೇ ಇತ್ತು

ಹೋದ ಬೇಸಿಗೆಯಲ್ಲಿ ರಾಜಕೋಟದ ಹಳೆಯ ಗಿರಾಕಿಯೊಬ್ಬರು ಶಿರಸಿಯ ನಮ್ಮ ಅಂಗಡಿಗೆ ಫೋನ್ ಮಾಡಿ, ಕಳಿಸಿದ ಚಾಲಿಯಲ್ಲಿ (ಒಣಗಿಸಿ ಸುಲಿದ ಅಡಿಕೆ) ಕೋಕಾ (ಕೆಳದರ್ಜೆಯ ಅಡಿಕೆ) ಹೆಚ್ಚು ಬಂದಿದೆ ಎಂದು ಮಾವನ ಹತ್ತಿರ ತಗಾದೆ ತೆಗೆದರು. ಫೋನ್ ಇಡುವ ಮುನ್ನ, ‘ಹಣ ನಿಮ್ಮ ಹೊಸ ಖಾತೆಗೆ ಹಾಕಿದ್ದೇವೆ’ ಎಂದರು. ನಮಗೆ ಹೊಸ ಖಾತೆಯೇ ಇರಲಿಲ್ಲ.

ಹಣ ಹೋದದ್ದು ಅವರ ಖಾತೆಯಿಂದ. ಹಾಗಾಗಿ ಯುಟಿಆರ್ ಸಂಖ್ಯೆ (ಹಣ ವರ್ಗಾವಣೆಗೆ ಬ್ಯಾಂಕ್ ಕೊಡುವ ಗುರುತಿನ ಸಂಖ್ಯೆ) ಹಿಡಿದು ಅವರೇ ಸೈಬರ್ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕಾಯಿತು. ನಾಲ್ಕು ಲಕ್ಷದಲ್ಲಿ ಸ್ವಲ್ಪ ಭಾಗ ತಡೆಹಿಡಿಯಲ್ಪಟ್ಟಿತು. ಉಳಿದದ್ದು ಯಾರ ನಷ್ಟ ಎಂಬ ಚರ್ಚೆ ಇನ್ನೂ ಮುಗಿದಿಲ್ಲ.

ಹೊಸ ಖಾತೆಗೆ ಹಣ ಹಾಕಿ ಎಂದು ಅವರಿಗೆ ಹೇಳಿದ ಮೇಲ್ ಪತ್ರ ನಕಲಿ ವಿಳಾಸದಿಂದ ಹೋಗಿರಲಿಲ್ಲ. ನಮ್ಮ ಮೇಲ್‌ನಿಂದಲೇ, ನಾನು ಬರೆದ ಬಿಲ್ಲಿನ ಪತ್ರದ ಬೆನ್ನಿಗೇ ಹೋಗಿತ್ತು. ಚೀಲದ ಲೆಕ್ಕ, ತೂಕ ಎಲ್ಲವೂ ಸರಿ. ಪಾಸ್‌ವರ್ಡ್ ಏನಿತ್ತು ಎಂದರೆ ಅಂಗಡಿಯ ಫೋನ್ ನಂಬರು. ಅದನ್ನು ಪೇಂಟರ್ ಕೈಲಿ ಬೋರ್ಡಿನ ಮೇಲೆ ದಪ್ಪಕ್ಷರದಲ್ಲಿ ಬರೆಸಿದವರೂ ನಾವೇ!

ಪಾಸ್‌ವರ್ಡ್ ಬದಲಿಸಿ ನೆಮ್ಮದಿಯಾಗಿದ್ದೆ. ಮರುದಿನವೂ ಗಿರಾಕಿಯ ಪತ್ರ ಇನ್‌ಬಾಕ್ಸಿಗೆ ಬರಲಿಲ್ಲ. ಹುಡುಕಿದರೆ ಕಸದ ಬುಟ್ಟಿಯಲ್ಲಿ! ಸೆಟ್ಟಿಂಗ್ಸ್‌ನ ಫಿಲ್ಟರ್ ವಿಭಾಗದಲ್ಲಿ ಕಳ್ಳ ಒಂದು ನಿಯಮ ಹಾಕಿಟ್ಟಿದ್ದ: ಆ ವಿಳಾಸದಿಂದ ಬಂದದ್ದೆಲ್ಲ ತಾನಾಗಿ ಅಳಿಸಿಹೋಗಬೇಕು, ಅದರ ಒಂದು ಪ್ರತಿ ಅವನಿಗೆ ತಲುಪಬೇಕು. ಪಾಸ್‌ವರ್ಡ್ ಬದಲಿಸಿದ ಮಾತ್ರಕ್ಕೆ ಇಂಥ ನಿಯಮ ಅಳಿಯುವುದಿಲ್ಲ. ಅಳಿಸಿದ ಪತ್ರಗಳನ್ನು ಜಿಮೇಲ್ 30 ದಿನ ಇಟ್ಟಿರುತ್ತದೆ. ದೂರಿಗೆ ಲಗತ್ತಿಸಲು ಅವೇ ಸಾಕ್ಷಿಯಾದವು. ಫಿಲ್ಟರ್, ಫಾರ್ವರ್ಡಿಂಗ್, ಮರುಪ್ರಾಪ್ತಿಯ ಮೊಬೈಲ್ ಸಂಖ್ಯೆ, ಲಾಗಿನ್ ಆಗಿರುವ ಸಾಧನಗಳು, ಈ ನಾಲ್ಕನ್ನೂ ಈಗ ಅಮಾವಾಸ್ಯೆಗೊಮ್ಮೆ ನೋಡುತ್ತೇನೆ. ಅಮಾವಾಸ್ಯೆಯೇ ಏಕೆಂದರೆ ಅಂದು ಅಂಗಡಿಗೆ ರಜೆ.

ಎರಡು ಹಂತದ ದೃಢೀಕರಣಕ್ಕೆ (ಪಾಸ್‌ವರ್ಡ್ ಜತೆಗೆ ಇನ್ನೊಂದು ಸಂಖ್ಯೆಯನ್ನೂ ಕೇಳುವ ವ್ಯವಸ್ಥೆ) ಎಸ್ಸೆಮ್ಮೆಸ್ ನಮಗೆ ಒಗ್ಗಲಿಲ್ಲ. ಮನೆ ತೋಟದ ತಗ್ಗಿನಲ್ಲಿದೆ, ನೆಟ್‌ವರ್ಕ್ ಬೇಕಾದರೆ ಗುಡ್ಡ ಹತ್ತಬೇಕು. ಅಥೆಂಟಿಕೇಟರ್ ಆಪ್ ಹಾಕಿಕೊಂಡೆ. ಅದು ಮೊಬೈಲಿನ ಗಡಿಯಾರ ನೋಡಿ 30 ಸೆಕೆಂಡಿಗೊಂದು ಸಂಖ್ಯೆ ಕೊಡುತ್ತದೆ, ಸಿಗ್ನಲ್ಲಿನ ಹಂಗಿಲ್ಲ.

ಬಿಲ್ಲಿನ ಕೆಳಗೆ ಈಗ ಕೆಂಪಕ್ಷರದ ಸಾಲೊಂದಿದೆ: ‘ಖಾತೆ ಬದಲಾದರೆ ಮೇಲ್ ಮಾಡುವುದಿಲ್ಲ, ಹಳೆಯ ನಂಬರಿಗೆ ಫೋನ್ ಮಾಡಿ ಕೇಳಿ.’ ಮಾವ ಓದಿ, ‘ಇಷ್ಟಕ್ಕೆ ಇಷ್ಟು ಓದಬೇಕಿತ್ತೇ ತಂಗೀ?’ ಎಂದರು. ಕೋಕಾದ ತಗಾದೆಗೆ ಮಾತ್ರ ಅವರು ಮರುಮಾತಿಲ್ಲದೆ ದರ ಇಳಿಸಿಕೊಟ್ಟರು.