ಹಳ್ಳಿ ದಾರಿಯಲ್ಲಿ ಬೈಕುಗಳ ಸಾಲು

ಒಬ್ಬರೇ ಬೈಕಿನಲ್ಲಿ ಸುತ್ತಿ ಅಭ್ಯಾಸವಿದ್ದವರಿಗೆ ಗುಂಪಿನ ರೈಡ್ ಶುರುವಿನಲ್ಲಿ ಸ್ವಲ್ಪ ಕಿರಿಕಿರಿ. ಹೊರಡುವ ಮೊದಲೇ ಅಷ್ಟೊಂದು ಮಾತು! ಮುಂದೆ ಹೋಗುವವರು ಲೀಡ್. ಕೊನೆಯವರು ಸ್ವೀಪ್, ಅವರ ಹಿಂದೆ ಯಾರೂ ಉಳಿಯಬಾರದು. ಪಂಕ್ಚರ್ ಸಾಮಾನು, ಫಸ್ಟ್ ಏಡ್ ಡಬ್ಬ ಎಲ್ಲ ಅವರ ಬಳಿ. ಪೆಟ್ರೋಲಿಗೆ ಎಲ್ಲಿ ನಿಲ್ಲಬೇಕು ಎನ್ನುವುದನ್ನು ಇರುವುದರಲ್ಲೇ ಚಿಕ್ಕ ಟ್ಯಾಂಕಿನ ಬೈಕು ನೋಡಿ ಲೆಕ್ಕ ಹಾಕುತ್ತಾರೆ. ದೊಡ್ಡ ಬೈಕಿನವರು ಗೊಣಗುತ್ತಾರೆ, ಗೊಣಗಲಿ ಬಿಡಿ.

ನಾನು ಗುಂಪಿಗೆ ಹೊಸಬ ಅಂತ ಲೀಡ್ ಹಿಂದೆಯೇ ಜಾಗ ಕೊಟ್ಟರು. ಹೊಸಬರಿಗೆ ಹಿಂದುಗಡೆಯೇ ಆರಾಮ ಅನ್ನಿಸುತ್ತದೆ ಅಲ್ವಾ? ಉಲ್ಟಾ. ಲೀಡ್ ತಿರುವು ದಾಟಿ ವೇಗ ಹೆಚ್ಚಿಸುವಾಗ ಬಾಲದಲ್ಲಿರುವವರು ಇನ್ನೂ ಬ್ರೇಕ್ ಹಿಡಿದು ತಿರುವಿಗೆ ಬರುತ್ತಿರುತ್ತಾರೆ, ಅಷ್ಟರಲ್ಲಿ ಮುಂದಿನ ಬೈಕು ದೂರವಾಗಿರುತ್ತದೆ, ಅದನ್ನು ಹಿಡಿಯಲು ಅವರು ಲೀಡ್‌ಗಿಂತ ಜೋರಾಗಿ ಓಡಿಸಬೇಕಾಗುತ್ತದೆ. ಸಾಲು ರಬ್ಬರ್ ಬ್ಯಾಂಡಿನಂತೆ ಎಳೆದುಕೊಂಡು ಮತ್ತೆ ಕುಗ್ಗುತ್ತದೆ. ವೇಗ ಎರಡು ಪಟ್ಟಾದರೆ ಬ್ರೇಕ್ ಹಾಕಿದ ಮೇಲೆ ಬೈಕು ಸಾಗುವ ದೂರ ನಾಲ್ಕು ಪಟ್ಟು. ಹೊಸಬರಿಗೆ ಈ ಓಟ ಬೇಡ.

ನೇರ ರಸ್ತೆಯಲ್ಲಿ ಒಬ್ಬರು ಲೇನಿನ ಎಡಕ್ಕೆ, ಇನ್ನೊಬ್ಬರು ಬಲಕ್ಕೆ, ಹೀಗೆ ಓರೆಯಾಗಿ ಸಾಗಿದೆವು. ನಮ್ಮ ಎದುರಿಗೇ ಇರುವ ಬೈಕಿನಿಂದ ಕನಿಷ್ಠ 2 ಸೆಕೆಂಡ್ ಅಂತರ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಅದು ಸುಮಾರು 33 ಮೀಟರ್. ರಸ್ತೆ ಕಿರಿದಾಗಿ ತಿರುವುಗಳು ಶುರುವಾದ ಕೂಡಲೇ ಒಬ್ಬರ ಹಿಂದೆ ಒಬ್ಬರು.

ಹಳ್ಳಿ ದಾರಿ ಅಂದರೆ ಹಸಿರು, ಗಾಳಿ ಅಷ್ಟೇ ಅಲ್ಲ. ಹೊಲದಿಂದ ಟ್ರ್ಯಾಕ್ಟರ್ ಹೊರಬರುವ ಕಡೆಯೆಲ್ಲ ಟಾರಿನ ಮೇಲೆ ಹಸಿ ಮಣ್ಣು. ತಿರುವಿನ ಒಳಬದಿಯಲ್ಲಿ ಜಲ್ಲಿ. ಮರದ ನೆರಳಲ್ಲಿ ಒದ್ದೆ ಎಲೆ. ಲೀಡ್ ಕಾಲು ಚಾಚಿ ತೋರಿಸಿದರೆ ಹಿಂದಿನವರೂ ಕಾಲು ಚಾಚುತ್ತಾರೆ, ಸುದ್ದಿ ಹಾಗೇ ಕೊನೆಯವರೆಗೂ ಹೋಗುತ್ತದೆ. ಗುಂಡಿ ಕಂಡರೆ ಅದನ್ನೇ ನೋಡುತ್ತಾ ಕೂರಬಾರದು, ಕಣ್ಣು ಹೋದ ಕಡೆಗೇ ಬೈಕು ಎಳೆಯುತ್ತದೆ. ಒಂದು ಕಡೆ ಕುರಿ ಹಿಂಡು ರಸ್ತೆ ತುಂಬಾ ಬಂತು. ಎಲ್ಲರೂ ಇಂಜಿನ್ ಆಫ್ ಮಾಡಿ ನಿಂತೆವು. ಕುರಿಗಳಿಗೆ ಯಾವ ಅವಸರವೂ ಇರಲಿಲ್ಲ.

ಮೊದಲ ಕವಲಿಗೇ ನನ್ನ ಎರಡನೆಯ ಜಾಗ ಹೋಯಿತು. ದಾರಿ ಕವಲಾದಲ್ಲಿ ಲೀಡ್ ಹಿಂದಿರುವವರು ಅಲ್ಲೇ ನಿಂತು ಬರುವವರಿಗೆಲ್ಲ ಕೈ ತೋರಿಸಬೇಕು. ಸ್ವೀಪ್ ಕಾಣಿಸಿದ ಮೇಲೆ ಅವರ ಮುಂದೆ ಸೇರಿಕೊಳ್ಳಬೇಕು. ಹೊಲಗಳ ನಡುವೆ ಒಬ್ಬನೇ ನಿಂತು ಕೈ ತೋರಿಸುತ್ತಾ ಬೈಕುಗಳನ್ನು ಎಣಿಸಿದೆ. ಆಮೇಲೆ ಬಾಲದಲ್ಲಿ ಸೇರಿಕೊಂಡೆ. ಅಂದರೆ ಯಾವ ಜಾಗ ಹೊಸಬರಿಗೆ ಬೇಡ ಅಂದರೋ ಅಲ್ಲಿಗೇ ಬಂದೆ!

ನಿಜ ಹೇಳಬೇಕೆಂದರೆ ರೈಡಿನ ಒಳ್ಳೆಯ ಭಾಗ ಅಲ್ಲಿಂದಲೇ ಶುರುವಾಯಿತು. ಗುಡ್ಡದ ಮೈ ಸುತ್ತಿ ಹೋಗುವ ಇಡೀ ಸಾಲು ಅಲ್ಲಿಂದ ಕಾಣುತ್ತಿತ್ತು, ತಿರುವು ಬಂದಂತೆಲ್ಲ ಬ್ರೇಕ್ ಲೈಟುಗಳು ಒಂದಾದ ಮೇಲೊಂದು ಕೆಂಪಾಗುತ್ತಿದ್ದವು. ಮುಂದಿನವರು ಕಣ್ಣಿಗೆ ಮರೆಯಾದಾಗ ನಾನು ಆಕ್ಸಿಲರೇಟರ್ ತಿರುಗಿಸಲು ಹೋದರೆ, ಸ್ವೀಪ್ ಕನ್ನಡಿಯಲ್ಲಿ ತಮ್ಮ ಪಾಡಿಗೆ ತಾವು ನಿಧಾನವಾಗಿ ಬರುತ್ತಿದ್ದರು. ಅವರಿಗೆ ಗೊತ್ತಿತ್ತು, ಮುಂದಿನ ಕವಲಿನಲ್ಲಿ ಯಾರಾದರೂ ನಿಂತೇ ಇರುತ್ತಾರೆ. ಅಂದ ಮೇಲೆ ಅಟ್ಟಿಸಿಕೊಂಡು ಯಾಕೆ ಹೋಗಬೇಕು? ನಾನೂ ನನ್ನ ವೇಗಕ್ಕೆ ಇಳಿದೆ. ತಗ್ಗಿಗೆ ಇಳಿದಾಗ ತಣ್ಣಗಿನ ಗಾಳಿ, ಆಗಷ್ಟೇ ಉತ್ತ ಹೊಲದ ವಾಸನೆ, ಎಲ್ಲ ಗಮನಕ್ಕೆ ಬಂದದ್ದು ಆಮೇಲೆ.

ಈ ಕವಲು ಕಾಯುವ ಪದ್ಧತಿ ಇಲ್ಲದ ಗುಂಪಿನ ಜೊತೆ ಹೋಗಲು ನನಗಂತೂ ಈಗ ಮನಸ್ಸಿಲ್ಲ. ಎಲ್ಲರೂ ಮುಂದಿನವರ ಹಿಂಬದಿ ಚಕ್ರವನ್ನೇ ನೋಡುತ್ತಾ ಓಡಿಸಿದರೆ ಊರೂ ಕಾಣುವುದಿಲ್ಲ, ಗುಂಡಿಯೂ ಕಾಣುವುದಿಲ್ಲ. ಬೈಕು ಜಾಸ್ತಿಯಾದರೆ ಐದಾರರ ಚಿಕ್ಕ ಗುಂಪು ಮಾಡಿ, ಪ್ರತಿಯೊಂದಕ್ಕೂ ಬೇರೆ ಲೀಡ್, ಬೇರೆ ಸ್ವೀಪ್ ಇಟ್ಟುಕೊಳ್ಳುವುದು ಒಳ್ಳೆಯದು. ನಮ್ಮಲ್ಲಿ ಒಬ್ಬರ ಚೈನ್ ಸಡಿಲವಾಗಿ ನಿಂತಾಗ ಸ್ವೀಪ್ ಮಾತ್ರ ಅವರ ಜೊತೆ ಉಳಿದರು. ಮಿಕ್ಕವರು ಮುಂದಿನ ಕವಲಿನಲ್ಲಿ ಹೆಲ್ಮೆಟ್ ತೆಗೆದು, ಸೊಂಟ ಹಿಡಿದುಕೊಂಡು, ಯಾರ ಸೀಟು ಹೆಚ್ಚು ಗಟ್ಟಿ ಅಂತ ಜಗಳವಾಡುತ್ತಾ ಕಾದೆವು.